ಸುಖೋಯ್ ಕಟ್ಟುವ ಬಗೆ: ಬಣ್ಣಕ್ಕೆ ಮೊದಲು ಮೈ ನುಣುಪಾಗಲಿ

ಕಳೆದ ತಿಂಗಳು ಅಣ್ಣನ ಮಗ ತಾನು ಕಟ್ಟಿದ ಸುಖೋಯ್ ಯುದ್ಧವಿಮಾನದ ಪುಟ್ಟ ಪ್ಲಾಸ್ಟಿಕ್ ಮಾದರಿ ತಂದು ತೋರಿಸಿದ. ಮೂರು ವಾರ ಕೂತು ಮಾಡಿದ್ದ. ಜೋಡಣೆ ಚೆನ್ನಾಗಿತ್ತು, ಬೂದು ಬಣ್ಣವೂ ಸಮವಾಗಿ ಕೂತಿತ್ತು. ಆದರೆ ರೆಕ್ಕೆಯ ಮೇಲಿನ ತ್ರಿವರ್ಣ ವೃತ್ತದ ಸುತ್ತ ಬೆಳ್ಳಗೆ ಹೊಳೆಯುವ ಒಂದು ಅಂಚು. ಬೆಳಕಿಗೆ ಹಿಡಿದರೆ ಸಾಕು, ಪ್ಲಾಸ್ಟಿಕ್ ಕಾಗದ ಅಂಟಿಸಿದ ಹಾಗೆ ಕಾಣುತ್ತಿತ್ತು. "ಚಿಕ್ಕಪ್ಪ, ಬಣ್ಣ ಸರಿಯಾಗೇ ಹೊಡೆದಿದ್ದೆ, ಯಾಕೆ ಹೀಗಾಯ್ತು?" ಎಂದು ಕೇಳಿದ. ಇದೇ ಪ್ರಶ್ನೆಯನ್ನು ನಾನು ಹತ್ತಾರು ಜನರಿಂದ ಕೇಳಿದ್ದೇನೆ. ಅದಕ್ಕೇ ಈ ಲೇಖನ.

ಉತ್ತರ ಒಂದೇ: ಮೈ ನುಣುಪಾಗಿರಲಿಲ್ಲ. ಬಣ್ಣ ತಪ್ಪನ್ನು ಮುಚ್ಚುತ್ತದೆ ಎಂದುಕೊಳ್ಳುತ್ತೇವೆ. ಅದು ಎತ್ತಿ ತೋರಿಸುತ್ತದೆ.

ಯಾವ ಕಿಟ್

ಕಿಟ್ ಅಂದರೆ ಮಾದರಿಯ ಬಿಡಿಭಾಗಗಳ ಪೆಟ್ಟಿಗೆ. ಮೊದಲ ಸಲ ಕಟ್ಟುವವರು 1/72 ಅಳತೆಯದ್ದನ್ನೇ, ಅಂದರೆ ನಿಜ ವಿಮಾನದ 72ರಲ್ಲಿ ಒಂದು ಪಾಲಿನದ್ದನ್ನೇ ತೆಗೆದುಕೊಳ್ಳಿ. ಈ ಅಳತೆಯಲ್ಲಿ ಆರು ಅಡಿ ಎತ್ತರದ ಮನುಷ್ಯ ಸರಿಯಾಗಿ ಒಂದು ಇಂಚು ಆಗುತ್ತಾನೆ. ನಿಜವಾದ ಸುಖೋಯ್-30 ಸುಮಾರು 22 ಮೀಟರ್ ಉದ್ದ, ಮಾದರಿ 30 ಸೆಂಟಿಮೀಟರ್. ಶೋಕೇಸಿನಲ್ಲಿ ಆರಾಮಾಗಿ ಕೂರುತ್ತದೆ. 1/48 ತಂದರೆ 45 ಸೆಂಟಿಮೀಟರ್ ದಾಟುತ್ತದೆ, ಆಮೇಲೆ ಇಡೋಕೆ ಜಾಗ ಹುಡುಕಬೇಕು.

ನಮ್ಮ ವಾಯುಪಡೆಗೆ ಸುಖೋಯ್-30ರ ಭಾರತೀಯ ರೂಪವಾದ ಎಂಕೆಐ 2002ರಲ್ಲಿ ಸೇರಿತು. ನಂತರ ಎಚ್‌ಎಎಲ್‌ನ ನಾಸಿಕ್ ಘಟಕದಲ್ಲೇ ತಯಾರಾಗತೊಡಗಿತು. ರಷ್ಯಾದವರು ತಮ್ಮ ಸುಖೋಯ್-30 ಎಸ್‌ಎಂ ಮಾಡಿದ್ದು ಇದೇ ಎಂಕೆಐ ಆಧಾರದ ಮೇಲೆ. ಹಾಗಾಗಿ ಜ್ವೆಜ್ಡಾ ಕಂಪನಿಯ 1/72 ಎಸ್‌ಎಂ ಕಿಟ್ ತಂದು, ಭಾರತದ ಗುರುತುಗಳ ಡೆಕಲ್ (ನೀರಲ್ಲಿ ಅದ್ದಿ ಅಂಟಿಸುವ ತೆಳು ಚಿತ್ರ) ಹಾಳೆ ಬೇರೆ ಕೊಂಡರೆ ನಮ್ಮ ವಿಮಾನ ಕಟ್ಟಬಹುದು. ಸಣ್ಣಪುಟ್ಟ ವ್ಯತ್ಯಾಸಗಳಿವೆ. ಮೊದಲ ಮಾದರಿಗೆ ಆ ತಲೆನೋವು ಬೇಡ.

ಕತ್ತರಿಸಿ, ಅಂಟಿಸಿ

ಭಾಗಗಳಿರುವ ಚೌಕಟ್ಟುಗಳನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಭಾಗಗಳನ್ನು ಕೈಯಲ್ಲಿ ತಿರುಚಿ ಕೀಳಬೇಡಿ. ಸೈಡ್ ಕಟರ್‌ನಿಂದ ಮೊದಲು ದೂರದಲ್ಲಿ ಒಂದು ಸಲ, ಆಮೇಲೆ ಹತ್ತಿರದಲ್ಲಿ ಒಂದು ಸಲ ಕತ್ತರಿಸಿ. ಕಾಕ್‌ಪಿಟ್ ಮೊದಲೇ ಮುಗಿಸಿಬಿಡಿ, ಆಮೇಲೆ ಒಳಗೆ ಕೈ ಹೋಗುವುದಿಲ್ಲ.

ಅಂಟಿಗೆ ಟಮಿಯಾ ಕಂಪನಿಯ ತೆಳು ಸಿಮೆಂಟ್ (ಪ್ಲಾಸ್ಟಿಕ್ ಅಂಟಿನ ಹೆಸರೇ ಹಾಗೆ) ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಅದು ಪ್ಲಾಸ್ಟಿಕ್ಕನ್ನೇ ಸ್ವಲ್ಪ ಕರಗಿಸಿ ಎರಡು ಭಾಗಗಳನ್ನು ಬೆಸೆಯುತ್ತದೆ. ಭಾಗಗಳನ್ನು ಒತ್ತಿ ಹಿಡಿದು ಕುಂಚದ ತುದಿಯನ್ನು ಸಂದಿಗೆ ತಾಗಿಸಿದರೆ ಸಾಕು, ದ್ರವ ತಾನಾಗಿ ಒಳಗೆ ಓಡುತ್ತದೆ. ಕ್ಯಾನೊಪಿಗೆ, ಅಂದರೆ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳಕ್ಕೆ, ಮಾತ್ರ ಇದು ಬೇಡ, ಸೂಪರ್ ಗ್ಲೂ ಅಂತೂ ಬೇಡವೇ ಬೇಡ. ಅದರ ಆವಿ ಕ್ಯಾನೊಪಿಯ ಒಳಗೆಲ್ಲ ಬಿಳಿ ಮಂಜು ಹಿಡಿಸುತ್ತದೆ. ಅಲ್ಲಿಗೆ ಮನೆಯಲ್ಲಿರುವ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣುವುದಿಲ್ಲ.

ಒಂದು ದಿನ ಬಿಟ್ಟು ಸಂದುಗಳನ್ನು ನೋಡಿ. ರೆಕ್ಕೆ ದೇಹಕ್ಕೆ ಸೇರುವಲ್ಲಿ, ಗಾಳಿ ಒಳಗೆ ಹೋಗುವ ಬಾಯಿಯ ಸುತ್ತ, ಮೂಗಿನ ಹತ್ತಿರ ಉಗುರು ಎಳೆದು ನೋಡಿ. ಉಗುರು ತಡೆದರೆ ಅಲ್ಲಿ ಪುಟ್ಟಿ ಬೇಕು. 0.2 ಮಿಲಿಮೀಟರ್ ಅಂತರ ಏನು ಮಹಾ ಅನ್ನಿಸಬಹುದು. 72ರಿಂದ ಗುಣಿಸಿ. ನಿಜ ವಿಮಾನದಲ್ಲಿ ಅದು ಸುಮಾರು ಒಂದೂವರೆ ಸೆಂಟಿಮೀಟರ್ ಬಿರುಕು! ಪುಟ್ಟಿ ಒಣಗಿದ ಮೇಲೆ ವಾಟರ್ ಪೇಪರ್ (ನೀರಲ್ಲಿ ಬಳಸುವ ಉಜ್ಜು ಕಾಗದ) ಒದ್ದೆ ಮಾಡಿಕೊಂಡು 400, 600, 1000 ನಂಬರ್, ಹೀಗೆ ಒರಟಿನಿಂದ ನುಣುಪಿನ ಕಡೆಗೆ ಉಜ್ಜುತ್ತಾ ಹೋಗಿ. ಬೂದು ಪ್ರೈಮರ್ ಒಂದು ಪದರ ಹೊಡೆದರೆ ಉಳಿದ ಗೀರುಗಳೆಲ್ಲ ಎದ್ದು ಕಾಣುತ್ತವೆ. ಮತ್ತೆ ಉಜ್ಜಿ. ಬೇಜಾರಾಗುತ್ತದೆ, ಆದರೂ ಉಜ್ಜಿ.

ಬಣ್ಣ

ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬಿ ಅಗ್ಗ ಎಂದು ತರುವವರು ತುಂಬಾ ಜನ. ಅದರ ಪದರ ದಪ್ಪ, ಸೂಕ್ಷ್ಮ ಪ್ಯಾನೆಲ್ ಗೆರೆಗಳೆಲ್ಲ, ಅಂದರೆ ವಿಮಾನದ ತಗಡುಗಳ ಸಂದು ತೋರಿಸುವ ಗೀರುಗಳೆಲ್ಲ ಹೂತುಹೋಗುತ್ತವೆ. ಅಲ್ಲೇ ಸಿಗುವ ಎನ್‌ಸಿ ಥಿನ್ನರ್ ಇನ್ನೂ ಕೆಟ್ಟದ್ದು. ಅದು ಪ್ಲಾಸ್ಟಿಕ್ ಮೈಯನ್ನೇ ತಿನ್ನುತ್ತದೆ. ಮಾದರಿಗೆಂದೇ ಮಾಡಿದ ಬಣ್ಣ, ಅದೇ ಕಂಪನಿಯ ಥಿನ್ನರ್ ತನ್ನಿ.

ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪುಟ್ಟ ಸಾಧನ) ಇದ್ದರೆ ಬಣ್ಣ ಹಾಲಿನಷ್ಟು ತೆಳುವಾಗಲಿ, ಒತ್ತಡ 15ರಿಂದ 20 ಪಿಎಸ್‌ಐ ಇರಲಿ. ಕುಂಚವಾದರೆ ಚಪ್ಪಟೆ ಕುಂಚದಲ್ಲಿ ಮೂರು ತೆಳು ಪದರ. ಎರಡರಲ್ಲೂ ಮುಖಕ್ಕೆ ಮಾಸ್ಕ್, ತೆರೆದ ಕಿಟಕಿ ಕಡ್ಡಾಯ. ಮಳೆ ಹಿಡಿದು ಕೂತ ದಿನ ಬೇಗ ಒಣಗುವ ಲ್ಯಾಕರ್ ಬಣ್ಣ ಹೊಡೆಯಬೇಡಿ. ಗಾಳಿಯ ತೇವಕ್ಕೆ ಬಣ್ಣದ ಮೇಲೆ ಬೂದಿ ಎರಚಿದ ಹಾಗೆ ಬಿಳಿಚುತ್ತದೆ. ಕರಾವಳಿಯವರು ಜೂನ್, ಜುಲೈನಲ್ಲಿ ಜೋಡಣೆ ಕೆಲಸ ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ಯಲಹಂಕದ ಏರೋ ಇಂಡಿಯಾದಲ್ಲಿ ಸುಖೋಯ್ ನೋಡಿದವರಿಗೆ ಗೊತ್ತಿರುತ್ತದೆ, ಎಂಜಿನ್ ಇರುವ ಹಿಂಭಾಗಕ್ಕೆ ಬೂದು ಬಣ್ಣ ಇರುವುದಿಲ್ಲ. ಬರೀ ಲೋಹ. ಶಾಖಕ್ಕೆ ಕಂದಾಗಿ, ಅಲ್ಲಲ್ಲಿ ನೀಲಿಯಾಗಿರುತ್ತದೆ. ಇದನ್ನು ಬೆಳ್ಳಿ ಬಣ್ಣ ಬಳಿದು ಮುಗಿಸಬೇಡಿ. ಮೊದಲು ಹೊಳೆಯುವ ಕಪ್ಪು ಹೊಡೆದು ಪೂರ್ತಿ ಒಣಗಿಸಿ, ಅದರ ಮೇಲೆ ಲೋಹದ ಬಣ್ಣ ತೆಳ್ಳಗೆ ಹೊಡೆಯಿರಿ. ಕಪ್ಪು ಕನ್ನಡಿಯ ಹಾಗಿದ್ದರೆ ಲೋಹ ಲೋಹದ ಹಾಗೆ ಕಾಣುತ್ತದೆ. ಕಪ್ಪು ತರಿತರಿಯಾಗಿದ್ದರೆ ಲೋಹವೂ ತರಿತರಿ.

ಎಲ್ಲರೂ ಎಡವುವ ಜಾಗ: ಡೆಕಲ್

ಯುದ್ಧವಿಮಾನದ ಬಣ್ಣ ಮಂಕು, ಅಂದರೆ ಮ್ಯಾಟ್. ಮ್ಯಾಟ್ ಮೈ ನೋಡಲು ಸಮವಾಗಿದ್ದರೂ ಭೂತಗನ್ನಡಿಯಲ್ಲಿ ಅದು ರಾಗಿ ಹಿಟ್ಟು ಹರಡಿದ ಹಾಗಿರುತ್ತದೆ, ಪೂರ್ತಿ ತಗ್ಗುದಿಣ್ಣೆ. ಡೆಕಲ್ ಒಂದು ತೆಳು ಪೊರೆ. ದಿಣ್ಣೆಗಳ ಮೇಲೆ ಅದು ಕೂರುತ್ತದೆ, ತಗ್ಗುಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಆ ಗಾಳಿಗೆ ಬೆಳಕು ಬಿದ್ದಾಗ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅಣ್ಣನ ಮಗನಿಗೆ ಆದದ್ದು ಇದೇ. ಅವನು ಮ್ಯಾಟ್ ಮೇಲೆ ನೇರವಾಗಿ ಡೆಕಲ್ ಹಾಕಿದ್ದ.

ಹಾಗಾಗಿ ಡೆಕಲ್‌ಗೆ ಮೊದಲು ಇಡೀ ವಿಮಾನಕ್ಕೆ ಹೊಳೆಯುವ ವಾರ್ನಿಷ್, ಅಂದರೆ ಗ್ಲಾಸ್ ಕೋಟ್ ಬೇಕು. ಟಮಿಯಾದ ಎಕ್ಸ್-22 ನನಗೆ ಇಷ್ಟ. ಎರಡು ತೆಳು ಪದರ ಹೊಡೆದು ಎರಡು ದಿನ ಮುಟ್ಟಬೇಡಿ. ವಿಮಾನ ಹೊಸ ಸ್ಟೀಲ್ ತಟ್ಟೆಯ ಹಾಗೆ ಹೊಳೆಯುವಾಗ ಹೊಟ್ಟೆ ಉರಿಯುತ್ತದೆ, ಇಷ್ಟು ಕಷ್ಟಪಟ್ಟು ಹೀಗಾಯ್ತಲ್ಲ ಅಂತ. ಚಿಂತೆ ಬೇಡ, ಕೊನೆಯ ಮ್ಯಾಟ್ ಪದರ ಎಲ್ಲವನ್ನೂ ಮತ್ತೆ ಮಂಕು ಮಾಡುತ್ತದೆ.

ಹಾಳೆ ಹಳೆಯದಾಗಿದ್ದರೆ ಬೇಡವಾದ ಒಂದು ಸಣ್ಣ ಗುರುತನ್ನು ಮೊದಲು ನೀರಿಗೆ ಹಾಕಿ ಪರೀಕ್ಷಿಸಿ. ಅದು ಚೂರಾದರೆ ಉಳಿದವೂ ಚೂರಾಗುತ್ತವೆ. ಸರಿಯಿದ್ದರೆ ಒಂದು ಸಲಕ್ಕೆ ಒಂದೇ ಗುರುತು ಕತ್ತರಿಸಿಕೊಳ್ಳಿ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಸೆಕೆಂಡ್ ಅದ್ದಿ ತೆಗೆದು, ಒದ್ದೆ ಟಿಶ್ಯೂ ಮೇಲೆ ಒಂದು ನಿಮಿಷ ಇಡಿ. ನೀರಲ್ಲೇ ತೇಲಲು ಬಿಟ್ಟರೆ ಅಂಟು ಪೂರ್ತಿ ತೊಳೆದುಹೋಗುತ್ತದೆ. ಬೆರಳಿಂದ ಮೆಲ್ಲಗೆ ಸರಿಸಿ ನೋಡಿ. ಕಾಗದದ ಮೇಲೆ ಜಾರಿದರೆ ಅದು ಸಿದ್ಧವಾಗಿದೆ.

ಈಗ ಡೆಕಲ್‌ಗೆಂದೇ ಮಾಡಿದ ಎರಡು ದ್ರವಗಳ ಕೆಲಸ. ನೀಲಿ ಚೀಟಿಯ ಮೈಕ್ರೋ ಸೆಟ್ ಮೊದಲು, ಡೆಕಲ್ ಕೂರುವ ಜಾಗಕ್ಕೆ. ಅದಕ್ಕೆ ವಿನೆಗರ್ ವಾಸನೆ. ಸಿಗದಿದ್ದರೆ ಬಿಳಿ ವಿನೆಗರ್‌ಗೆ ನೀರು ಬೆರೆಸಿಯೂ ಬಳಸಬಹುದು, ಈ ಅಡ್ಡದಾರಿಗೆ ನನ್ನ ಒಪ್ಪಿಗೆ ಇದೆ. ಕಾಗದವನ್ನು ಹತ್ತಿರ ಹಿಡಿದು, ಒದ್ದೆ ಕುಂಚದಿಂದ ಡೆಕಲ್ಲನ್ನು ಜಾಗಕ್ಕೆ ಜಾರಿಸಿ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ನೇರವಾಗಿದೆಯೇ ನೋಡಿ. ಹತ್ತಿ ಕಡ್ಡಿಯನ್ನು ಮಧ್ಯದಿಂದ ಅಂಚಿನ ಕಡೆಗೆ ಉರುಳಿಸಿ ನೀರು, ಗಾಳಿ ಹೊರಗೆ ಹಾಕಿ. ಉಜ್ಜಬೇಡಿ, ಉರುಳಿಸಿ.

ಹತ್ತು ನಿಮಿಷ ಬಿಟ್ಟು ಕೆಂಪು ಚೀಟಿಯ ಮೈಕ್ರೋ ಸಾಲ್ ಅನ್ನು ಡೆಕಲ್ ಮೇಲೆ ಒಂದೇ ಸಲ ಸವರಿ. ಇದಕ್ಕೆ ವಿನೆಗರ್ ಬದಲಿ ಅಲ್ಲ. ಇದು ಪೊರೆಯನ್ನೇ ಮೆತ್ತಗೆ ಮಾಡುತ್ತದೆ. ಒಂದೆರಡು ನಿಮಿಷದಲ್ಲಿ ನಿಮ್ಮ ಎದೆ ಧಸಕ್ ಅನ್ನುತ್ತದೆ: ಇಷ್ಟು ಹೊತ್ತು ನೇರವಾಗಿದ್ದ ವೃತ್ತ, ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟುತ್ತದೆ. ಎಲ್ಲರೂ ಕೆಡಿಸುವುದು ಈ ಕ್ಷಣದಲ್ಲೇ. ಸರಿಮಾಡೋಣ ಎಂದು ಬೆರಳು ಇಡುತ್ತಾರೆ, ಡೆಕಲ್ ಬೆರಳಿಗೇ ಅಂಟಿ ಹರಿದು ಬರುತ್ತದೆ. ಮುಟ್ಟಬೇಡಿ. ಕೋಣೆಯಿಂದ ಎದ್ದು ಹೋಗಿ, ಊಟ ಮಾಡಿ, ಮಲಗಿ. ಬೆಳಿಗ್ಗೆ ನೋಡಿದರೆ ಸುಕ್ಕು ತಾನಾಗಿ ಇಳಿದು, ಪ್ಯಾನೆಲ್ ಗೆರೆ ವೃತ್ತದ ಒಳಗೂ ಹಾದುಹೋಗಿರುತ್ತದೆ. ಅದನ್ನು ನೋಡುವ ಖುಷಿಗೆ ಮೂರು ವಾರ ಕೂರಬಹುದು.

ಎಲ್ಲಾದರೂ ಬೆಳ್ಳಿ ಗುಳ್ಳೆ ಉಳಿದಿದ್ದರೆ ಹೊಸ ಬ್ಲೇಡಿನ ತುದಿಯಿಂದ ಸಣ್ಣಗೆ ಚುಚ್ಚಿ, ಇನ್ನೊಂದು ಹನಿ ಸಾಲ್ ಬಿಡಿ. ಅಣ್ಣನ ಮಗನ ವಿಮಾನಕ್ಕೂ ಹೀಗೇ ಮಾಡಿದೆವು. ಅರ್ಧದಷ್ಟು ಹೊಳಪು ಹೋಯಿತು, ಪೂರ್ತಿ ಹೋಗಲಿಲ್ಲ. ಮೊದಲೇ ಗ್ಲಾಸ್ ಹೊಡೆದಿದ್ದರೆ ಆ ಕೆಲಸವೇ ಇರುತ್ತಿರಲಿಲ್ಲ ಅಲ್ವಾ?

ಕೊನೆಯ ಕೆಲಸ

ಡೆಕಲ್ ಮೇಲೆ ಮತ್ತೊಂದು ಗ್ಲಾಸ್ ಪದರ ಹೊಡೆದು ಒಣಗಿಸಿ. ಆಮೇಲೆ ಕಂದು ಬೆರೆತ ಬೂದು ಆಯಿಲ್ ಬಣ್ಣವನ್ನು ಟರ್ಪೆಂಟೈನ್‌ನಲ್ಲಿ ನೀರಾಗಿಸಿ ಪ್ಯಾನೆಲ್ ಗೆರೆಗಳಿಗೆ ಹರಿಯಬಿಡಿ. ಅಚ್ಚ ಕಪ್ಪು ಬೇಡ, ವಿಮಾನ ಚೌಕಳಿ ಬಟ್ಟೆಯ ಹಾಗಾಗುತ್ತದೆ. ಅರ್ಧ ಗಂಟೆ ಬಿಟ್ಟು, ಗಾಳಿ ಹರಿಯುವ ದಿಕ್ಕಿನಲ್ಲಿ ಮೂಗಿನಿಂದ ಬಾಲದ ಕಡೆಗೆ ಒರೆಸಿ. ನಂತರ ಬೂದು ಭಾಗಕ್ಕೆಲ್ಲ ಮ್ಯಾಟ್ ಹೊಡೆಯಿರಿ, ಎಂಜಿನ್ ಲೋಹವನ್ನು ಮಾತ್ರ ಟೇಪಿನಿಂದ ಮುಚ್ಚಿಡಿ. ಚಕ್ರ, ಕ್ಷಿಪಣಿ, ಆಂಟೆನಾ ಎಲ್ಲ ಈಗ. ಬಣ್ಣ ತಾಗದಿರಲೆಂದು ಕ್ಯಾನೊಪಿಗೆ ಮೊದಲೇ ಅಂಟಿಸಿದ ಟೇಪ್ ಬಿಚ್ಚುವುದು ಕಟ್ಟಕಡೆಗೆ.

ಗಾಜಿನ ಬಾಗಿಲಿನೊಳಗೆ, ನೇರ ಬಿಸಿಲು ಬೀಳದ ಕಡೆ ಇಡಿ. ಧೂಳು ಕೂತರೆ ಮೇಕಪ್ಪಿನ ಮೆತ್ತನೆ ಕುಂಚದಿಂದ ಝಾಡಿಸಿ. ಬಟ್ಟೆಯಿಂದ ಒರೆಸಿದರೆ ಎಳೆ ಆಂಟೆನಾಗೆ ಸಿಕ್ಕಿಕೊಂಡು ಮುರಿದುಬರುತ್ತದೆ.