ಸುಲಿಗೆಯೋ ಕಳವೋ: ವಕೀಲನಾಗಿ ನನ್ನ ಅನುಭವ

ಕಲಬುರಗಿಯಲ್ಲಿ ಕ್ರಿಮಿನಲ್ ವಕೀಲಿಕೆ ನಡೆಸುವ ನಾನು ಕಳ್ಳತನದ ಯಾವ ಪ್ರಕರಣ ಬಂದರೂ ಎಫ್‌ಐಆರ್‌ನಲ್ಲಿ ನಮೂದಿಸಿದ ಕಲಂಗಳಿಗಿಂತ ಮೊದಲು ಅದಕ್ಕೆ ಲಗತ್ತಿಸಿದ ಫಿರ್ಯಾದಿಯನ್ನು ಓದುತ್ತೇನೆ. ಕಲಂ ಹಾಕುವವರು ಪೊಲೀಸರು. ನಡೆದದ್ದನ್ನು ಹೇಳುವವನು ಫಿರ್ಯಾದಿದಾರ.

ಚಿತ್ತಾಪುರ ಕಡೆಯ ಹಮಾಲನೊಬ್ಬನ ಮೇಲೆ ಭಾರತೀಯ ನ್ಯಾಯ ಸಂಹಿತೆಯ ಕಲಂ 309(4), ಅಂದರೆ 10 ವರ್ಷಗಳವರೆಗೆ ಕಠಿಣ ಸಜೆಯಾಗಬಹುದಾದ ಸುಲಿಗೆಯ ಆರೋಪವಿತ್ತು. ಚೀಲ ಎತ್ತಿಕೊಂಡು ಓಡಿದವನನ್ನು ಬೆನ್ನಟ್ಟಿದಾಗ ಅವನು ಚೀಲವನ್ನು ಬಿಸಾಕಿದನೆಂದೂ, ಆಮೇಲೆ ಹಿಡಿಯಹೋದಾಗ ನೂಕಿ ಪರಾರಿಯಾದನೆಂದೂ ಫಿರ್ಯಾದಿಯಲ್ಲೇ ಬರೆದಿತ್ತು. ಕಳವು ಸುಲಿಗೆಯಾಗಬೇಕಾದರೆ ಪೆಟ್ಟು, ತಡೆ ಅಥವಾ ಜೀವಭಯ ಕದಿಯುವುದಕ್ಕಾಗಿ, ಇಲ್ಲವೇ ಕದ್ದ ಮಾಲನ್ನು ಒಯ್ಯುವುದಕ್ಕಾಗಿ ಒಡ್ಡಿದ್ದಾಗಿರಬೇಕು. ಮಾಲು ಬಿಟ್ಟ ಮೇಲೆ ತಪ್ಪಿಸಿಕೊಳ್ಳಲು ನೂಕಿದ್ದು ಸುಲಿಗೆಯಾಗದು. ಜಾಮೀನು ಅರ್ಜಿಯಲ್ಲಿ ಇದೊಂದೇ ಅಂಶವನ್ನು ಒತ್ತಿ ವಾದಿಸಿದೆ, ಜಾಮೀನು ದೊರೆಯಿತು.

ಕನ್ನಗಳವಿನಲ್ಲೂ ಇದೇ ಜಾಗ್ರತೆ ಬೇಕು. ನಮ್ಮ ಕಡೆ ಬೇಸಿಗೆಯಲ್ಲಿ ಬಾಗಿಲು ತೆರೆದಿಟ್ಟು ಮಾಳಿಗೆಯ ಮೇಲೆ ಮಲಗುವವರು ಬಹಳ. ತೆರೆದ ಬಾಗಿಲಿನಿಂದ ಒಳಹೊಕ್ಕಿದ್ದಷ್ಟೇ ಆದರೆ ಕಲಂ 305ರ ಮನೆಗಳವು, 7 ವರ್ಷಗಳವರೆಗೆ ಸಜೆ. ಬೀಗ ಮುರಿದು ರಾತ್ರಿ ಕದಿಯಲು ನುಗ್ಗಿದ್ದಾದರೆ 331(4)ರ ಅಡಿ ಅದು 14 ವರ್ಷಗಳವರೆಗೆ ಹೋಗುತ್ತದೆ. ಆದ್ದರಿಂದ ಸ್ಥಳ ಪಂಚನಾಮೆಯಲ್ಲಿ, ಅಂದರೆ ಸಾಕ್ಷಿಗಳ ಸಮಕ್ಷಮ ಪೊಲೀಸರು ಬರೆಯುವ ಸ್ಥಳದ ವರದಿಯಲ್ಲಿ, ಕೊಂಡಿ, ಚಿಲಕಗಳ ಸ್ಥಿತಿಯನ್ನು ಏನೆಂದು ಬರೆದಿದ್ದಾರೆಂದು ಹುಡುಕುತ್ತೇನೆ.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದು, ಆದರೆ ಆರೋಪಿಯ ಹೇಳಿಕೆಯಿಂದ ಮಾಲು ಸಿಕ್ಕರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. ಬಹುಪಾಲು ಪ್ರಕರಣಗಳು ನಿಲ್ಲುವುದು, ಬೀಳುವುದು ಈ ಜಪ್ತಿಯ ಮೇಲೆಯೇ. 2024ರ ಜುಲೈ 1ರಿಂದ ಶೋಧ, ಜಪ್ತಿಗಳ ವಿಡಿಯೊ ಚಿತ್ರೀಕರಣ ಕಡ್ಡಾಯವಾಗಿರುವುದರಿಂದ ಅದರ ಪ್ರತಿಯನ್ನು ತಪ್ಪದೇ ಕೇಳುತ್ತೇನೆ. ಒಂದು ಪ್ರಕರಣದಲ್ಲಿ ಆರೋಪಿಯೇ ಕಣಿಕಿ (ಜೋಳದ ಒಣ ದಂಟು) ಬಣವಿಯೊಳಗಿಂದ ಸರ ತೆಗೆದುಕೊಟ್ಟನೆಂದು ಪಂಚನಾಮೆ ಹೇಳುತ್ತಿತ್ತು, ವಿಡಿಯೊ ಮಾತ್ರ ಸರ ಸಿಬ್ಬಂದಿಯೊಬ್ಬರ ಕೈಯಲ್ಲಿರುವಲ್ಲಿಂದಲೇ ಶುರುವಾಗುತ್ತಿತ್ತು. ಪೊಲೀಸ್ ಸಾಕ್ಷಿಯನ್ನು ಪ್ರಶ್ನಿಸುವ ಪಾಟೀ ಸವಾಲಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗಲಿಲ್ಲ.

ಫೀಸಿಗೆಂದು ಹೊಲ ಅಡವಿಡುವ ಕುಟುಂಬಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಬಂಧನದಲ್ಲಿರುವವನಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವಿಗೆ ಹಕ್ಕಿದೆ. ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು. ಸೆಷನ್ಸ್ ನ್ಯಾಯಾಲಯದಲ್ಲಿ ಜಾಮೀನು ತಿರಸ್ಕೃತವಾದರೂ ಬೀದರ್, ಯಾದಗಿರಿಯವರು ಬೆಂಗಳೂರಿಗೆ ಅಲೆಯಬೇಕಿಲ್ಲ, 2013ರಿಂದ ಹೈಕೋರ್ಟಿನ ಕಾಯಂ ಪೀಠ ಕಲಬುರಗಿಯಲ್ಲೇ ಇದೆ.