ಕಂಪ್ಯೂಟರಿಗೆ ಕಾಣದ ಹಾರ್ಡ್ ಡಿಸ್ಕಿನಿಂದ ಡೇಟಾ ಹೊರತೆಗೆದ ಬಗೆ

ಹಲವು ವರ್ಷಗಳ ಚಿತ್ರಗಳನ್ನೂ ಬರಹಗಳನ್ನೂ ತುಂಬಿಟ್ಟಿದ್ದ ನನ್ನ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕಂಪ್ಯೂಟರಿನಲ್ಲಿ ಕಾಣಿಸದೆ ಹೋದಾಗ, ಅದನ್ನು ರಿಪೇರಿ ಮಾಡುವುದಕ್ಕಿಂತ ಅದರೊಳಗಿನದನ್ನು ಉಳಿಸಿಕೊಳ್ಳುವುದೇ ಮುಖ್ಯವೆಂದು ತೀರ್ಮಾನಿಸಿಕೊಂಡೆ. ಆದ್ದರಿಂದ, ಡೇಟಾ ಬೇರೊಂದು ಕಡೆ ಸೇರುವವರೆಗೆ ಆ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದೆಂಬ ನಿಯಮವನ್ನು ಕೊನೆಯವರೆಗೂ ಪಾಲಿಸಿದೆ.

ಮೊದಲು ಮಾಡಿದ ಕೆಲಸ ಡಿಸ್ಕಿನ ಸದ್ದನ್ನು ಕಿವಿಗೊಟ್ಟು ಕೇಳಿದ್ದು. ಒಂದೇ ಅಂತರದಲ್ಲಿ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಓದುವ ಹೆಡ್‌ಗೆ ಪೆಟ್ಟಾಗಿರುವ ಸಂಭವ ಹೆಚ್ಚು. ಆಗ ಕೂಡಲೇ ಕೇಬಲ್ ಕಳಚಿ, ಡೇಟಾ ಮರಳಿ ಪಡೆಯುವ ಪರಿಣತರಿಗೆ ಒಪ್ಪಿಸುವುದೊಂದೇ ದಾರಿ. ನನ್ನ ಡಿಸ್ಕ್ ಹಾಗೆ ಸದ್ದು ಮಾಡುತ್ತಿರಲಿಲ್ಲ; ತಿರುಗಲು ತೊಡಗಿ, ನಿಂತು, ಮತ್ತೆ ತೊಡಗುತ್ತಿತ್ತು. ಇದು ವಿದ್ಯುತ್ ಸಾಲದಿರುವುದರ ಲಕ್ಷಣ. 3.5 ಇಂಚಿನ ಡಿಸ್ಕುಗಳಿಗೆ ಪ್ರತ್ಯೇಕ ಅಡಾಪ್ಟರ್ ಇರುತ್ತದೆ, ಆದರೆ 2.5 ಇಂಚಿನವು ಸಾಮಾನ್ಯವಾಗಿ ಯುಎಸ್‌ಬಿ ಪೋರ್ಟನ್ನೇ ನೆಚ್ಚಿಕೊಂಡಿರುತ್ತವೆ, ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪಿಯರ್, 3.0 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕೆಂಬುದು ನಿಗದಿಯಾಗಿದ್ದರೂ, ಡೇಟಾ ಹೊತ್ತ ತಟ್ಟೆಗಳು ತಿರುಗಲು ತೊಡಗುವ ಕ್ಷಣದಲ್ಲಿ ಮೋಟಾರು ಉಳಿದ ಹೊತ್ತಿಗಿಂತ ಬಹಳ ಹೆಚ್ಚು ಎಳೆಯುತ್ತದೆ. ನಡುವೆ ಇದ್ದ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಸಾಧನ) ತೆಗೆದು, ಕಂಪ್ಯೂಟರಿನ ಹಿಂಬದಿಯ ಪೋರ್ಟಿಗೆ ಗಿಡ್ಡದಾದ ಬೇರೆ ಕೇಬಲಿನಿಂದ ನೇರವಾಗಿ ಜೋಡಿಸಿದ ಮೇಲೆ ಡಿಸ್ಕ್ ನಿಲ್ಲದೆ ತಿರುಗಿತು.

ಆದರೂ ಡ್ರೈವಿನೊಳಗಿನ ಫೈಲುಗಳು ತೆರೆಯಲಿಲ್ಲ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ನೋಡಿದಾಗ ಅದರ ಸಾಮರ್ಥ್ಯ ಸರಿಯಾಗಿಯೇ ಕಾಣುತ್ತಿತ್ತು, ಫೈಲ್ ಸಿಸ್ಟಮ್ (ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಎಂಬಲ್ಲಿ ಮಾತ್ರ ‘ರಾ’ ಎಂದಿತ್ತು, ಅಂದರೆ ಅದನ್ನು ವಿಂಡೋಸ್ ಗುರುತಿಸಲಾಗಿರಲಿಲ್ಲ. ಇಲ್ಲಿ ಏನು ಕಾಣುತ್ತದೆ ಎಂಬುದರ ಮೇಲೆ ಮುಂದಿನ ದಾರಿ ನಿಂತಿದೆ. D, E ಮುಂತಾದ ಡ್ರೈವ್ ಅಕ್ಷರವಷ್ಟೇ ಇಲ್ಲದಿದ್ದರೆ ಒಂದನ್ನು ಕೊಟ್ಟರೆ ಸಾಕು. ಮ್ಯಾಕ್ ಅಥವಾ ಲಿನಕ್ಸ್‌ನ ಸ್ವಂತ ಫೈಲ್ ಸಿಸ್ಟಮಿನಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕನ್ನು ವಿಂಡೋಸ್ ತಾನಾಗಿ ಓದದು, ಅದಕ್ಕೆ ಯಾವ ರೋಗವೂ ಇಲ್ಲ. ಸಾಮರ್ಥ್ಯವೇ ಕಾಣದಿದ್ದರೆ ದೋಷ ಡಿಸ್ಕಿನೊಳಗೆ ಇರಬಹುದು, ಇಲ್ಲವೇ ಅದನ್ನು ಯುಎಸ್‌ಬಿಗೆ ಬೆಸೆಯುವ ಪುಟ್ಟ ಬೋರ್ಡಿನಲ್ಲಿ ಇರಬಹುದು. ಹಾಗೆಂದು ಡಬ್ಬಿ ಬಿಚ್ಚಿ ಡಿಸ್ಕನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸುವುದು ಯಾವಾಗಲೂ ಫಲಿಸುವುದಿಲ್ಲ, ಏಕೆಂದರೆ ಕೆಲವು ಬೋರ್ಡುಗಳು ಡೇಟಾವನ್ನು ಗೂಢಲಿಪಿಗೊಳಿಸಿಯೇ ಬರೆದಿರುತ್ತವೆ.

ಫಾರ್ಮ್ಯಾಟ್ ಮಾಡಬೇಕೇ ಎಂದು ವಿಂಡೋಸ್ ಕೇಳಿದ್ದನ್ನು ನಿರಾಕರಿಸಿದೆ. ಇಂಥ ಹೊತ್ತಿನಲ್ಲಿ ಡಿಸ್ಕಿನ ದೋಷ ಹುಡುಕುವ ವಿಂಡೋಸಿನ ಸಾಧನವಾದ ಚೆಕ್‌ಡಿಸ್ಕ್ ಓಡಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಚೆಕ್‌ಡಿಸ್ಕ್ ಸರಿಪಡಿಸಲು ಹೊರಟರೆ ಮೂಲ ಡಿಸ್ಕಿನ ಮೇಲೆಯೇ ಬರೆಯುತ್ತದೆ, ಮತ್ತು ಅದು ನೋಡುವುದು ಫೈಲ್ ಸಿಸ್ಟಮಿನ ಸುಸಂಬದ್ಧತೆಯನ್ನೇ ಹೊರತು ನಿಮ್ಮ ಫೈಲುಗಳ ಕ್ಷೇಮವನ್ನಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ವರದಿಯಲ್ಲಿ 197ನೆಯ ಅಂಶ, ಅಂದರೆ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳ (ಡಿಸ್ಕಿನ ಪುಟ್ಟ ತುಣುಕುಗಳ) ಎಣಿಕೆ, ಸೊನ್ನೆಯಾಗಿರಲಿಲ್ಲ ಎಂಬುದನ್ನು ಕಂಡ ಮೇಲಂತೂ ಆ ಮಾತೇ ಇರಲಿಲ್ಲ.

ಆದ್ದರಿಂದ ಪೆನ್‌ಡ್ರೈವಿನಿಂದ ಲಿನಕ್ಸ್ ಆರಂಭಿಸಿ, ಡಿಡಿರೆಸ್ಕ್ಯೂ ಎಂಬ ಡೇಟಾ ಉಳಿಸುವ ತಂತ್ರಾಂಶ ಬಳಸಿ ಇಡೀ ಡಿಸ್ಕಿನ ಇಮೇಜನ್ನು, ಅಂದರೆ ಯಥಾವತ್ ನಕಲನ್ನು, ಅದಕ್ಕಿಂತ ದೊಡ್ಡದಾದ ಇನ್ನೊಂದು ಡಿಸ್ಕಿಗೆ ಇಳಿಸಿದೆ. ಈ ಸಾಧನ ಸುಲಭವಾಗಿ ಓದಬರುವ ಭಾಗಗಳನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಗಳನ್ನು ಕೊನೆಯಲ್ಲಿ ಓದಲು ಉಳಿಸಿಕೊಳ್ಳುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಗುರುತಿಟ್ಟುಕೊಳ್ಳುವುದರಿಂದ, ನಡುವೆ ಸಂಪರ್ಕ ಕಡಿದರೂ ನಿಂತಲ್ಲಿಂದ ಮುಂದುವರಿಸಬಹುದು. ಮೂಲ ಯಾವುದು, ಗುರಿ ಯಾವುದು ಎಂಬುದು ಅದಲುಬದಲಾದರೆ ಎಲ್ಲವೂ ಅಳಿಸಿಹೋಗುವುದರಿಂದ, ಆದೇಶ ಕೊಡುವ ಮುನ್ನ ಎರಡೂ ಡಿಸ್ಕುಗಳ ಸಾಮರ್ಥ್ಯವನ್ನೂ ಸೀರಿಯಲ್ ಸಂಖ್ಯೆಯನ್ನೂ ತಾಳೆ ನೋಡಿದೆ.

ಇಮೇಜಿನ ಮೇಲೆ ಹಾಳಾದ ವಿಭಾಗಗಳನ್ನು ಸರಿಪಡಿಸುವ ಟೆಸ್ಟ್‌ಡಿಸ್ಕ್ ಓಡಿಸಿದಾಗ ಕಾರಣ ತಿಳಿಯಿತು: ಎನ್‌ಟಿಎಫ್‌ಎಸ್ (ವಿಂಡೋಸಿನ ಫೈಲ್ ಸಿಸ್ಟಮ್) ವಿಭಾಗದ ಬೂಟ್ ಸೆಕ್ಟರ್, ಅಂದರೆ ವಿಭಾಗದ ವಿವರ ಹೊತ್ತ ಮೊದಲ ಸೆಕ್ಟರ್, ಹಾಳಾಗಿತ್ತು. ಅದರ ನಕಲೊಂದನ್ನು ಎನ್‌ಟಿಎಫ್‌ಎಸ್ ವಿಭಾಗದ ಕೊನೆಯ ಸೆಕ್ಟರಿನಲ್ಲಿ ಇಟ್ಟುಕೊಂಡಿರುತ್ತದೆ, ಮತ್ತು ನನ್ನಲ್ಲಿ ಆ ನಕಲು ಕೆಡದೆ ಉಳಿದಿತ್ತು. ಅದನ್ನು ಇಮೇಜಿನೊಳಗೆ ಮೊದಲಿನ ಜಾಗಕ್ಕೆ ಬರೆಸಿದ ಮೇಲೆ ಫೋಲ್ಡರುಗಳು ತಮ್ಮ ಹೆಸರುಗಳೊಡನೆ ತೆರೆದುಕೊಂಡವು. ಓದಲಾಗದ ಸೆಕ್ಟರುಗಳಲ್ಲಿ ಸಿಕ್ಕಿಕೊಂಡಿದ್ದ ಕೆಲವು ಚಿತ್ರಗಳು ಮಾತ್ರ ಅರ್ಧಕ್ಕೇ ನಿಂತಿವೆ.