ಹೊಲೆಚೆಕ್ ಮೇಲೋ ಟ್ರೆಟ್ಯಾಕ್ ಮೇಲೋ: ಹಳೆಯ ಮತಗಳನ್ನು ಎಣಿಸುವ ಬಗೆ

ಚೆಕ್ ದೇಶದ ಬ್ರನೋ ಊರಿಗೆ ಕೆಲಸಕ್ಕೆಂದು ಬಂದ ಮೊದಲ ಚಳಿಗಾಲ. ಪಕ್ಕದ ಮನೆಯ ಅಜ್ಜ, ಟ್ರ್ಯಾಮ್ ಓಡಿಸಿ ನಿವೃತ್ತರಾದವರು, ಐಸ್ ಹಾಕಿ ನೋಡಲು ಕರೆದಿದ್ದರು. ಹಳೆಯ ಗೋಲ್‌ಕೀಪರ್‌ಗಳಲ್ಲಿ ನನಗೆ ಗೊತ್ತಿರುವುದು ಸೋವಿಯತ್ ಒಕ್ಕೂಟದ ವ್ಲಾಡಿಸ್ಲಾವ್ ಟ್ರೆಟ್ಯಾಕ್ ಒಬ್ಬರೇ ಎಂದೆ. ಅಜ್ಜ ಟಿವಿ ಸದ್ದು ತಗ್ಗಿಸಿ, "ಯಿರ್ಜಿ ಹೊಲೆಚೆಕ್ ಹೆಸರು ಕೇಳಿಲ್ವಾ?" ಅಂದರು. ದನಿಯಲ್ಲಿ ನೋವಿತ್ತು. ಹೊಲೆಚೆಕ್ ಅದೇ ಕಾಲದ ಚೆಕೊಸ್ಲೊವಾಕಿಯಾ ಗೋಲ್‌ಕೀಪರ್. ಯಾರು ಮೇಲು ಅಂತ ಕಂಡುಹಿಡಿಯಲು ಅವತ್ತು ತೆರೆದ ನೋಟ್‌ಬುಕ್ ಇವತ್ತಿಗೂ ಮುಗಿದಿಲ್ಲ. ಅದರಲ್ಲಿ ಬರೆಯುತ್ತ ತಪ್ಪಿ, ತಿದ್ದಿಕೊಂಡು ಕಲಿತದ್ದನ್ನು ಹೇಳುತ್ತೇನೆ. ನೀವೂ ಒಂದು ನೋಟ್‌ಬುಕ್ ತೆಗೆದುಕೊಳ್ಳಿ.

ಒಬ್ಬೊಬ್ಬ ಆಟಗಾರನಿಗೂ ಒಂದು ಪುಟ, ಪುಟಕ್ಕೆ ಮೂರು ಅಂಕಣ. ಮೊದಲನೆಯದು ತವರಿನ ಪ್ರಶಸ್ತಿಗೆ. ಸೋವಿಯತ್ ಒಕ್ಕೂಟದಲ್ಲಿ ವರ್ಷದ ಶ್ರೇಷ್ಠ ಆಟಗಾರನ ಆಯ್ಕೆ ಶುರುವಾದದ್ದು 1968ರಲ್ಲಿ. ಚೆಕೊಸ್ಲೊವಾಕಿಯಾದಲ್ಲಿ 'ಜ್ಲಾತಾ ಹೊಕೆಯ್ಕಾ', ಅಂದರೆ ಚಿನ್ನದ ಹಾಕಿ ಕೋಲು, 1969ರಲ್ಲಿ. ಎರಡನೆಯ ಅಂಕಣ ವಿಶ್ವ ಚಾಂಪಿಯನ್‌ಶಿಪ್ ನಡೆಸುವ ಅಧಿಕಾರಿಗಳು ಆರಿಸುತ್ತಿದ್ದ ಶ್ರೇಷ್ಠ ಗೋಲ್‌ಕೀಪರ್, ಶ್ರೇಷ್ಠ ಡಿಫೆಂಡರ್, ಶ್ರೇಷ್ಠ ಫಾರ್ವರ್ಡ್‌ಗೆ. ಮೂರನೆಯದು ಅದೇ ಕೂಟದಲ್ಲಿ ಪತ್ರಕರ್ತರು ಮತ ಹಾಕಿ ಕಟ್ಟುತ್ತಿದ್ದ ಆಲ್‌ಸ್ಟಾರ್ ತಂಡಕ್ಕೆ. ಈ ಮೂರನ್ನೂ ಒಟ್ಟು ಕೂಡಿಸುವ ಆಸೆ ಬರುತ್ತದೆ. ಕೂಡಿಸಬೇಡಿ. ಮತ ಹಾಕಿದವರು ಬೇರೆ, ಎದುರಾಳಿಗಳೂ ಬೇರೆ.

ನಾನು ಮೊದಲು ಎಡವಿದ್ದು ಅಲ್ಲೇ. ತವರಿನ ಅಂಕಣ ಮಾತ್ರ ನೋಡಿದರೆ ಟ್ರೆಟ್ಯಾಕ್‌ಗೆ ಐದು ಪ್ರಶಸ್ತಿ (1974, 1975, 1976, 1981, 1983), ಹೊಲೆಚೆಕ್‌ಗೆ ಒಂದೇ (1974). ಲೆಕ್ಕ ಮುಗಿಯಿತು ಅಂತ ಅಜ್ಜನಿಗೆ ತೋರಿಸಿದೆ. ಅವರು ಮಾತಾಡದೆ ನನ್ನ ಪೆನ್ನು ತೆಗೆದುಕೊಂಡು ಪಕ್ಕದಲ್ಲಿ ಮಾರ್ಟಿನೆಟ್ಸ್ ಎಂದು ಬರೆದರು, ಮುಂದೆ 1973, 1975, 1976, 1979. ಪೊಸ್ಪಿಶಿಲ್‌ಗೆ 1971, 1972. ಹ್ಲಿಂಕಾಗೆ 1978. ಆ ವರ್ಷಗಳ ಚಿನ್ನದ ಕೋಲು ಇವರದ್ದು; ಹೊಲೆಚೆಕ್ ತವರಿನಲ್ಲಿ ಸೋತದ್ದು ಇಂಥವರಿಗೆ.

ಆದ್ದರಿಂದ ಇಬ್ಬರೂ ಒಂದೇ ಐಸ್ ಮೇಲೆ, ಒಂದೇ ಮತದಾರರ ಮುಂದೆ ನಿಂತ ವರ್ಷಗಳನ್ನು ಬೇರೆ ತೆಗೆಯಿರಿ. ಇವರಿಗೆ ಅದು 1971ರಿಂದ 1978. ಅಧಿಕಾರಿಗಳ ಆಯ್ಕೆ: 1971 ಹೊಲೆಚೆಕ್, 1972 ಫಿನ್‌ಲೆಂಡಿನ ವಾಲ್ಟೊನೆನ್, 1973 ಹೊಲೆಚೆಕ್, 1974 ಟ್ರೆಟ್ಯಾಕ್, 1975 ಮತ್ತು 1976 ಹೊಲೆಚೆಕ್, 1977 ಸ್ವೀಡನ್ನಿನ ಹೊಗೊಸ್ಟಾ, 1978 ಮತ್ತೆ ಹೊಲೆಚೆಕ್. ಪತ್ರಕರ್ತರ ಆಯ್ಕೆಯಲ್ಲಿ 1971, 1972, 1973, 1976, 1978 ಹೊಲೆಚೆಕ್‌ಗೆ, 1975 ಟ್ರೆಟ್ಯಾಕ್‌ಗೆ. ಎಂಟು ವರ್ಷ, ಹದಿನಾರು ಆಯ್ಕೆ: ಹೊಲೆಚೆಕ್ ಹತ್ತು, ಟ್ರೆಟ್ಯಾಕ್ ಎರಡು. ಇದನ್ನು ಮೊದಲ ಸಲ ಕೂಡಿಸಿದಾಗ ನಂಬಿಕೆ ಬರದೆ ಮತ್ತೆ ಮೊದಲಿಂದ ಎಣಿಸಿದೆ.

1975ರ ಸಾಲನ್ನು ಬಿಡದೆ ನೋಡಿ. ಅಧಿಕಾರಿಗಳು ಹೊಲೆಚೆಕ್ ಅಂದರು, ಪತ್ರಕರ್ತರು ಟ್ರೆಟ್ಯಾಕ್ ಅಂದರು. ಒಂದೇ ಕೂಟ, ಅವೇ ಪಂದ್ಯಗಳು. ಹೀಗೆ ಎರಡು ಅಂಕಣ ಒಡೆದ ವರ್ಷಕ್ಕೆ ನಾನು ತಲಾ ಅರ್ಧ ಅಂಕ ಕೊಡುತ್ತೇನೆ, ಎರಡೂ ಒಂದೇ ಹೆಸರು ಹೇಳಿದ ವರ್ಷಕ್ಕೆ ಪೂರ್ತಿ ಒಂದು. 1976ರಲ್ಲಿ ಇನ್ನೂ ವಿಚಿತ್ರ: ಪೋಲೆಂಡಿನ ಕಾಟೊವಿಟ್ಸೆಯಲ್ಲಿ ನಡೆದ ಕೂಟದಲ್ಲಿ ಎರಡೂ ಕಡೆಯವರು ಹೊಲೆಚೆಕ್‌ರನ್ನು ಆರಿಸಿದರು, ಚೆಕೊಸ್ಲೊವಾಕಿಯಾ ವಿಶ್ವ ಚಾಂಪಿಯನ್ ಆಯಿತು. ಆದರೂ ಆ ವರ್ಷದ ಚಿನ್ನದ ಕೋಲು ಮಾರ್ಟಿನೆಟ್ಸ್‌ಗೆ ಹೋಯಿತು, ಸೋವಿಯತ್ ಪ್ರಶಸ್ತಿ ಟ್ರೆಟ್ಯಾಕ್‌ಗೆ ಬಂತು.

ಇಷ್ಟಾದ ಮೇಲೆ ವಯಸ್ಸು ಬರೆದುಕೊಳ್ಳಿ. ಹೊಲೆಚೆಕ್ ಹುಟ್ಟಿದ್ದು 1944ರಲ್ಲಿ, ಟ್ರೆಟ್ಯಾಕ್ 1952ರಲ್ಲಿ. 1971ರಲ್ಲಿ ಒಬ್ಬರಿಗೆ 27 ತುಂಬುವ ವರ್ಷ, ಇನ್ನೊಬ್ಬರಿಗೆ 19. ಮಾಗಿದವರನ್ನು ಹುಡುಗನ ಜೊತೆ ತೂಗಿದ ಹಾಗಾಯಿತು. ಟ್ರೆಟ್ಯಾಕ್ ಅದೇ ವಯಸ್ಸಿಗೆ ಬಂದ ಮೇಲೆ 1979 ಮತ್ತು 1983ರಲ್ಲಿ ಎರಡೂ ಅಂಕಣ ಅವರದ್ದೇ. ಆ ಹೊತ್ತಿಗೆ ಹೊಲೆಚೆಕ್ ರಾಷ್ಟ್ರೀಯ ತಂಡದಲ್ಲಿರಲಿಲ್ಲ. ಎಲ್ಲ ಸೇರಿಸಿದರೂ ವಿಶ್ವ ಕೂಟದ ಮತಗಳಲ್ಲಿ ಹತ್ತಕ್ಕೆ ಆರು, ಹೊಲೆಚೆಕ್ ಮುಂದೆ. ಟ್ರೆಟ್ಯಾಕ್ ಹೆಸರು ಜಗತ್ತಿಗೆ ಹರಡಿದ್ದು 1972ರ ಕೆನಡಾ ಸರಣಿಯಿಂದ, 1975ರ ಡಿಸೆಂಬರ್ 31ರಂದು ಮಾಂಟ್ರಿಯಲ್‌ನಲ್ಲಿ 3-3 ಡ್ರಾ ಆದ ಪಂದ್ಯದಿಂದ. ಆ ರಾತ್ರಿಗಳಿಗೆ ಈ ಅಂಕಣಗಳಲ್ಲಿ ಜಾಗವೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ: ಎಪ್ಪತ್ತರ ದಶಕದ ವಿಶ್ವ ಕೂಟಗಳಲ್ಲಿ ಹೊಲೆಚೆಕ್ ಮೇಲು, ಇಡೀ ಆಟದ ಬದುಕು ತೂಗಿದರೆ ಟ್ರೆಟ್ಯಾಕ್ ಒಂದು ಕೂದಲೆಳೆ ಮೇಲು. ಅಜ್ಜ ಮೊದಲರ್ಧ ಮಾತ್ರ ಒಪ್ಪುತ್ತಾರೆ.

ಡಿಫೆಂಡರ್‌ಗಳನ್ನು ಹೋಲಿಸುವಾಗ ಇನ್ನೊಂದು ಬಲೆ ಇದೆ. ಚಿನ್ನದ ಕೋಲಿನ ಮೊದಲ ನಾಲ್ಕು ವರ್ಷವೂ ಗೆದ್ದವರು ಡಿಫೆಂಡರ್‌ಗಳು: ಯಾನ್ ಸುಖಿ ಎರಡು ಸಲ, ಫ್ರಾಂಟಿಷೆಕ್ ಪೊಸ್ಪಿಶಿಲ್ ಎರಡು ಸಲ. ಸೋವಿಯತ್ ಪ್ರಶಸ್ತಿ ಡಿಫೆಂಡರ್ ಒಬ್ಬರಿಗೆ ಮೊದಲು ಸಿಕ್ಕಿದ್ದು 1982ರಲ್ಲಿ, ಫೆಟಿಸೊವ್‌ಗೆ. ಅಲ್ಲಿನ ಮತದಾರರ ಕಣ್ಣು ಗೋಲು ಹೊಡೆಯುವವರ ಮೇಲೆ, ಗೋಲು ತಡೆಯುವ ಕೊನೆಯ ಮನುಷ್ಯನ ಮೇಲೆ. ಹಾಗಾಗಿ ಸೋವಿಯತ್ ಡಿಫೆಂಡರ್ ವಲೆರಿ ವಾಸಿಲಿಯೆವ್ ಅವರ ತವರಿನ ಅಂಕಣ ಖಾಲಿ ಇದೆ ಎಂದು ಅವರನ್ನು ಪೊಸ್ಪಿಶಿಲ್‌ಗಿಂತ ಕೆಳಗೆ ಇಡಬೇಡಿ. ವಿಶ್ವ ಕೂಟದ ಅಧಿಕಾರಿಗಳು ವಾಸಿಲಿಯೆವ್‌ರನ್ನು ಮೂರು ಸಲ (1973, 1977, 1979) ಶ್ರೇಷ್ಠ ಡಿಫೆಂಡರ್ ಎಂದರು, ಪೊಸ್ಪಿಶಿಲ್‌ರನ್ನು ಎರಡು ಸಲ (1972, 1976).

ಎಂಬತ್ತರ ದಶಕದ ಸೋವಿಯತ್ ಪಟ್ಟಿಗೆ ಬಂದಾಗ ಗೆದ್ದವರ ಹೆಸರು ಸಾಲದು. ಎರಡನೇ, ಮೂರನೇ ಸ್ಥಾನ ಸಿಕ್ಕಿದಲ್ಲೆಲ್ಲ ಬರೆದುಕೊಳ್ಳಿ. ಸಿಎಸ್‌ಕೆಎ ಮಾಸ್ಕೋ 1977ರಿಂದ 1989ರವರೆಗೆ ಸತತ 13 ಸಲ ಲೀಗ್ ಗೆದ್ದ ತಂಡ. 1985ರಿಂದ ಪ್ರಶಸ್ತಿ ಹೋದ ದಾರಿ ಹೀಗೆ: ಮಕಾರೊವ್, ಫೆಟಿಸೊವ್, ಕ್ರುಟೊವ್, ಲಾರಿಯೊನೊವ್, ಮತ್ತೆ ಮಕಾರೊವ್. ಆ ತಂಡದಲ್ಲಿ ಒಟ್ಟಿಗೇ ಐಸ್‌ಗೆ ಇಳಿಯುತ್ತಿದ್ದ ಐವರಲ್ಲಿ ನಾಲ್ವರು. ಲೀಗ್‌ನಲ್ಲಿ ಒಂಬತ್ತು ಸಲ ಅತಿ ಹೆಚ್ಚು ಅಂಕ ಗಳಿಸಿದ ಮಕಾರೊವ್‌ಗೆ ಪ್ರಶಸ್ತಿ ಮೂರೇ. ಮತ ಜೊತೆಗಾರರ ನಡುವೆ ಹಂಚಿಹೋಯಿತು. ಇಂಥಲ್ಲಿ ಮತದಾನದಲ್ಲಿ ಪಡೆದ ಅಂಕವನ್ನು ಸಿಗಬಹುದಾಗಿದ್ದ ಗರಿಷ್ಠ ಅಂಕದಿಂದ ಭಾಗಿಸಿ. 40 ಮಂದಿ ಮತ ಹಾಕಿ ಮೊದಲ ಸ್ಥಾನಕ್ಕೆ 3 ಅಂಕ ಇದ್ದರೆ ಗರಿಷ್ಠ 120. 90 ಪಡೆದವನಿಗೆ 0.75. ಆಗ ಎರಡನೆಯವನಾಗಿ ಉಳಿದ ವರ್ಷಕ್ಕೂ ಬೆಲೆ ಸಿಗುತ್ತದೆ.

ಕೊನೆಗೆ ಖಾಲಿ ಮನೆಗಳು. 1980ರಲ್ಲಿ, 1984ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಲೇ ಇಲ್ಲ. ಅಲ್ಲಿ ಸೊನ್ನೆ ಬರೆಯಬೇಡಿ, ಅಡ್ಡಗೆರೆ ಎಳೆಯಿರಿ. ಸೊನ್ನೆ ಅಂದರೆ ಆಡಿಯೂ ಮತ ಸಿಗಲಿಲ್ಲ ಎಂದು. ಗೆರೆ ಅಂದರೆ ಆಡುವ ಅವಕಾಶವೇ ಇರಲಿಲ್ಲ ಎಂದು. ದೇಶ ಬಿಟ್ಟವರಿಗೂ ಗೆರೆಯೇ. ಪೀಟರ್ ಶ್ಟಾಸ್ಟ್ನಿ 1980ರಲ್ಲಿ ಚಿನ್ನದ ಕೋಲು ಗೆದ್ದ ವರ್ಷವೇ ಕೆನಡಾದ ಕ್ವಿಬೆಕ್‌ಗೆ ಹೋದರು. ವಾಟ್ಸ್ಲಾವ್ ನೆಡೊಮಾನ್ಸ್ಕಿ 1974ರ ವಿಶ್ವ ಕೂಟದಲ್ಲಿ ಶ್ರೇಷ್ಠ ಫಾರ್ವರ್ಡ್, ಅದೇ ಬೇಸಿಗೆಯಲ್ಲಿ ಟೊರೊಂಟೊ ಸೇರಿದರು. ಚಿನ್ನದ ಕೋಲು ಅವರಿಗೆ ಕೊನೆಗೂ ದಕ್ಕಲಿಲ್ಲ. ನಾನು ಅವರ ಪುಟದಲ್ಲಿ 1975ರ ಮುಂದೆ ಸೊನ್ನೆ ಹಾಕಿದ್ದೆ. ಅಜ್ಜ ರಬ್ಬರ್ ತಂದು ಅದನ್ನು ಅಳಿಸಿ, ಸ್ಕೇಲ್ ಇಟ್ಟು, ಅಲ್ಲಿಂದ ಪುಟದ ಅಂಚಿನವರೆಗೆ ಒಂದೇ ಗೆರೆ ಎಳೆದರು.